ಭಯಪಡುವಷ್ಟು ಗಾಳಿ

ಜೂನ್ 2, ಸೋಮವಾರ

ನಿನ್ನೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಬಾಯಿಂದ ಒಂದು ಮಾತು ಬಂತು. ಆ ಮಾತೇ ಈಗ ನನ್ನನ್ನು ಒಂದು ಉಕ್ಕಿನ ಡಬ್ಬದೊಳಗೆ ಕೂರಿಸಲಿದೆ.

ಅಕ್ಕನ ಮಗಳನ್ನು ನಾವೆಲ್ಲ ಗುಬ್ಬಿ ಎಂದು ಕರೆಯುತ್ತೇವೆ. ಬಾಹ್ಯಾಕಾಶಕ್ಕೆ ಹೋಗುವವರ ಉಡುಪನ್ನು ತಾನೇ ತೊಟ್ಟು ಪರೀಕ್ಷೆ ಮಾಡುವುದು ಅವಳ ಕೆಲಸ. ಈ ಸಲದ ಪರೀಕ್ಷೆ ದಾಟಿದರೆ ನಿಜವಾಗಿ ಮೇಲೆ ಹೋಗುವ ಸರದಿ ಅವಳದೇ. ಆದರೆ ಪರೀಕ್ಷೆ ನಡೆಯುವ ಆ ಮುಚ್ಚಿದ ಡಬ್ಬದಲ್ಲಿ ಅವಳ ಜೊತೆ ಇರಲು ಇನ್ನೊಂದು ದೇಹ ಬೇಕಂತೆ, ವಯಸ್ಸಾದದ್ದು.

"ಇನ್ಮೇಲೆ ಮೇಲಕ್ಕೆ ಹೋಗೋರು ಬರೀ ಪೈಲ್ವಾನರಲ್ಲ ಮಾವ. ಎಲ್ಲಾ ಥರದ ದೇಹಕ್ಕೂ ಒಪ್ಪೋ ಗಾಳಿ ಬೇಕು. ಐವತ್ತು ದಾಟಿದೋರು ಯಾರೂ ಸಿಗ್ತಿಲ್ಲ."

"ಯಾಕೆ ಸಿಗಲ್ಲ? ಇಲ್ಲೇ ಕೂತಿದೆಯಲ್ಲ! ಜೀವಮಾನವೆಲ್ಲ ಟೈರಿಗೆ ಗಾಳಿ ತುಂಬಿದ ದೇಹ. ನನ್ನ ಕಂಡ್ರೆ ಗಾಳೀನೇ ಎದ್ದು ನಿಲ್ಲುತ್ತೆ."

ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಗುಬ್ಬಿ ನಗಲಿಲ್ಲ. ಇವತ್ತು ಬೆಳಗ್ಗೆ ಅವಳ ಕೇಂದ್ರದಿಂದ ನನ್ನ ಟೈರಂಗಡಿಗೆ ಫೋನು ಬಂತು. ತಪಾಸಣೆಗೆ ರಕ್ತ ಕೊಡಲು ಬನ್ನಿ ಎಂದರು.

ಅಕ್ಕ ಒಂದೇ ಮಾತು ಕೇಳಿದಳು. "ಅವಳು ಡಬ್ಬದ ಒಳಬಾಗಿಲು ದಾಟಿ ಗಾಳಿಯಿಲ್ಲದ ಕಡೆ ಹೋದಾಗ ಈಚೆ ಕಾಯೋನು ನೀನು. ಚಿಕ್ಕಂದಿನಲ್ಲಿ ನಾಯಿ ಬಂದಾಗ ನನ್ನ ಬಿಟ್ಟು ಮರ ಹತ್ತಿದ್ಯಲ್ಲ, ಹಾಗೆ ಓಡಲ್ಲ ತಾನೇ?"

ನಾಯಿ ಎತ್ತ ಕಡೆಯಿಂದ ಬರುತ್ತಿದೆ ಎಂದು ನೋಡಲು ಹತ್ತಿದ್ದು. ಎತ್ತರದಿಂದ ಚೆನ್ನಾಗಿ ಕಾಣುತ್ತದೆ. ಎಷ್ಟು ಸಲ ಹೇಳಿದರೂ ಅಕ್ಕನಿಗೆ ಅರ್ಥವಾಗುವುದಿಲ್ಲ.

ರಕ್ತ ಕೊಡಲು ಹೋದಾಗ ಅಲ್ಲಿಯ ಡಾಕ್ಟರಮ್ಮ ದಿನವೂ ಏನಾದರೂ ಬರೆಯಿರಿ, ಯಾರೂ ಓದುವುದಿಲ್ಲ, ತಲೆ ನೆಟ್ಟಗಿರುತ್ತದೆ ಎಂದಿದ್ದಾರೆ. ನನ್ನ ತಲೆ ಯಾವಾಗ ಸೊಟ್ಟಗಿತ್ತು? ಏಳನೇ ಕ್ಲಾಸಿನಲ್ಲಿ ನನ್ನ ಪ್ರಬಂಧವನ್ನು ಮೇಷ್ಟ್ರು ಎಲ್ಲರಿಗೂ ಓದಿ ತೋರಿಸಿದ್ದರು. ಹೀಗೆ ಬರೆಯಬಾರದು ಎಂದು ತೋರಿಸಲು ಎಂದು ಕೆಲವರು ಹೇಳುತ್ತಾರೆ. ಹೊಟ್ಟೆಕಿಚ್ಚಿನವರು.

ಅಕ್ಷರ ಸ್ವಲ್ಪ ಅಲುಗಾಡಿದೆ. ಮೇಜಿನ ಒಂದು ಕಾಲು ಕುಳ್ಳು.

ಜೂನ್ 5, ಗುರುವಾರ

ಇವತ್ತು ಒಂದು ಸಣ್ಣ ಕೋಣೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಗಾಳಿ ತೆಳ್ಳಗೆ ಮಾಡಿದರು. ಆಮ್ಲಜನಕ ಕಡಿಮೆಯಾದರೆ ಯಾರ ದೇಹ ಏನು ಮಾಡುತ್ತದೆ ಎಂದು ನೋಡುವುದಕ್ಕೆ. ಒಬ್ಬೊಬ್ಬರದು ಒಂದೊಂದು ಗುರುತಂತೆ. ಕೆಲವರಿಗೆ ಉಗುರು ನೀಲಿಯಾಗುತ್ತದೆ, ಕೆಲವರು ಸುಮ್ಮಸುಮ್ಮನೆ ನಗುತ್ತಾರೆ.

ಮೊದಲು ಡಾಕ್ಟರಮ್ಮ ಹೇಳಿದ ಮಾತು ಬರೆದಿಡುತ್ತೇನೆ. ಆಗಿನಿಂದ ಅದು ತಲೆಯಿಂದ ಇಳಿಯುತ್ತಿಲ್ಲ.

"ನೀರಲ್ಲಿ ಮುಳುಗಿದಾಗ ಎದೆ ಒಡೆದುಹೋಗೋ ಹಾಗೆ ಭಯ ಆಗುತ್ತಲ್ಲ, ಅದು ಆಮ್ಲಜನಕ ಇಲ್ಲ ಅಂತ ಆಗೋದಲ್ಲ. ನಾವು ಬಿಡಬೇಕಾದ ಕೆಟ್ಟ ಗಾಳಿ ಒಳಗೇ ಉಳೀತಲ್ಲ, ಅದರಿಂದ ಆಗೋದು. ದೇಹಕ್ಕೆ ಗೊತ್ತಾಗೋದು ಅದೊಂದೇ. ಆಮ್ಲಜನಕ ಕಮ್ಮಿಯಾದ್ರೆ ಅದಕ್ಕೆ ತಿಳಿಯೋದೇ ಇಲ್ಲ ಅನ್ನಬಹುದು."

"ಅಂದ್ರೆ?"

"ಡಬ್ಬದಲ್ಲಿ ನೀವು ಬಿಟ್ಟ ಕೆಟ್ಟ ಗಾಳೀನ ಯಂತ್ರ ಹೀರಿಬಿಡುತ್ತೆ. ಅಲ್ಲಿ ಆಮ್ಲಜನಕ ಮುಗೀತಾ ಬಂದ್ರೆ ಭಯ ಆಗಲ್ಲ. ಹಾಯಾಗಿರುತ್ತೆ. ಹಾಯಾಗೇ ಹೋಗಿಬಿಡ್ತೀರಿ."

ಭಯಪಡಿಸಿ ಕೊಲ್ಲುವುದಾದರೆ ಒಂದು ಕೈ ನೋಡಬಹುದು. ಹಾಯಾಗಿ ಕೊಲ್ಲುವುದರ ಜೊತೆ ಹೇಗೆ ಜಗಳವಾಡುವುದು?

ಆಮೇಲೆ ನಾವು ಆ ಕೋಣೆಯಲ್ಲಿದ್ದಾಗಿನ ವಿಡಿಯೋ ತೋರಿಸಿದರು. ಗುಬ್ಬಿಯದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹತ್ತು ಮಾತಿಗೆ ಒಂದು ಉತ್ತರ ಕೊಡುವ ಹುಡುಗಿ ಅಲ್ಲಿ ಎದೆ ಉಬ್ಬಿಸಿಕೊಂಡು, "ನನ್ನ ಬಿಟ್ರೆ ಈ ಕೆಲಸಕ್ಕೆ ಯಾರಿದಾರೆ? ನಾನೇ ರಾಣಿ!" ಎನ್ನುತ್ತಿದ್ದಾಳೆ. ಗಾಳಿ ಕಡಿಮೆಯಾದರೆ ಅವಳು ನನ್ನ ಹಾಗೆ ಆಗುತ್ತಾಳೆ.

ನನ್ನ ವಿಡಿಯೋದಲ್ಲಿ ಏನೂ ಇರಲಿಲ್ಲ. ಯಾರೋ ಒಬ್ಬ ಮುದುಕ ಕೈಮುಗಿದುಕೊಂಡು, "ನಾನೇನು ಮಹಾ, ತಾವು ದೊಡ್ಡವರು, ನಾನು ಟ್ಯೂಬಿಗೆ ತೇಪೆ ಹಾಕೋನು" ಎನ್ನುತ್ತಾ ಕೂತಿದ್ದ. ಅದು ನಾನಲ್ಲ ಎಂದೆ.

ಗುಬ್ಬಿ ಕಣ್ಣೀರು ಬರುವಷ್ಟು ನಕ್ಕಳು. "ಮಾವ, ಗಾಳಿ ಕಮ್ಮಿಯಾದ್ರೆ ನೀನು ಒಳ್ಳೇವನಾಗ್ತೀಯ!"

ಜೂನ್ 9, ಸೋಮವಾರ

ಬಾಗಿಲು ಹಾಕಿದರು. ಆ ಸದ್ದು ಹೊಟ್ಟೆಯೊಳಗೆ ಕೇಳಿಸಿತು.

ಡಬ್ಬ ಒಂದು ಬಸ್ಸಿನಷ್ಟು ಉದ್ದವಿದೆ. ಎರಡು ಮಂಚ, ಮಡಚುವ ಮೇಜು, ಒಂದೇ ಕಡೆ ನಿಂತು ತುಳಿಯುವ ಸೈಕಲ್ಲು. ಅದರ ಟೈರಿಗೆ ಗಾಳಿಯೇ ಇಲ್ಲ, ಕಬ್ಬಿಣದ ಚಕ್ರ. ನನ್ನ ಕಸುಬಿಗೆ ಮಾಡಿದ ಅವಮಾನ. ಕೊನೆಯಲ್ಲಿ ಒಳಬಾಗಿಲು, ಅದರ ನಡುವೆ ತಟ್ಟೆಯಷ್ಟಗಲದ ಗಾಜು. ಆಚೆಗೆ ಸಣ್ಣ ಕೋಣೆ. ಪರೀಕ್ಷೆಯ ದಿನ ಆ ಕೋಣೆಯ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತಾರೆ. ಗುಬ್ಬಿ ಉಡುಪು ತೊಟ್ಟು ಆ ಶೂನ್ಯದಲ್ಲಿ ಕೆಲಸ ಮಾಡಬೇಕು. ಏನಾದರೂ ಆದರೆ ಈಚೆಯಿಂದ ಚಕ್ರ ತಿರುಗಿಸಿ ಗಾಳಿ ಬಿಟ್ಟು ಅವಳನ್ನು ಎಳೆದುಕೊಳ್ಳುವವನು ನಾನು. ಹೊರಗಿನವರು ದೊಡ್ಡ ಬಾಗಿಲು ತೆಗೆಯಬೇಕೆಂದರೆ ಮೊದಲು ಗಾಳಿಯ ಒತ್ತಡ ಸಮ ಮಾಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರತನಕ ಅವಳಿಗೆ ನಾನೇ ದಿಕ್ಕು.

ನನ್ನ ಮಂಚದ ಪಕ್ಕ ಒಂದು ಕೆಂಪು ಗುಂಡಿಯಿದೆ. ಒತ್ತಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಎಲ್ಲರೂ ಹೊರಗೆ. ಗುಬ್ಬಿಯ ಸರದಿ ಇನ್ನೊಬ್ಬರಿಗೆ.

ಅವಳು ಗೋಡೆಯ ಮೇಲಿನ ಪೆಟ್ಟಿಗೆಗಳನ್ನೆಲ್ಲ ತೋರಿಸಿದಳು. ಇದು ಅಳೆಯುತ್ತೆ, ಇದು ಮೂಸುತ್ತೆ, ಇದು ಕೆಟ್ಟಿದೆ, ಹೊಸದು ಬರಬೇಕು. ನಾನು ಹೂಂ ಹೂಂ ಎಂದೆ. ನನ್ನ ಕಣ್ಣು ಕೆಂಪು ಗುಂಡಿಯ ಮೇಲಿತ್ತು.

ಎಷ್ಟು ಚೆಂದದ ಗುಂಡಿ.

ಜೂನ್ 10, ಮಂಗಳವಾರ

ಇಲ್ಲಿಯ ಗಾಳಿ ಬೇರೆ. ಒತ್ತಡ ಹೊರಗಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಅದರಲ್ಲಿ ಆಮ್ಲಜನಕದ ಪಾಲು ಜಾಸ್ತಿ. ಯಾಕೆ ಈ ಪಜೀತಿ, ಮನುಷ್ಯರು ಉಸಿರಾಡುವ ಗಾಳಿಯನ್ನೇ ತುಂಬಬಾರದೇ ಎಂದು ಕೇಳಿದೆ. ಗುಬ್ಬಿ ನನ್ನ ಭಾಷೆಯಲ್ಲೇ ಹೇಳಿದಳು.

"ಟೈರಿಗೆ ಗಾಳಿ ಜಾಸ್ತಿ ತುಂಬಿದ್ರೆ ಏನಾಗುತ್ತೆ?"

"ಕಲ್ಲಾಗುತ್ತೆ."

"ಉಡುಪೂ ಹಾಗೇ. ಹೊರಗೆ ಶೂನ್ಯ, ಒಳಗೆ ಪೂರ್ತಿ ಗಾಳಿ ಅಂದ್ರೆ ಬೆರಳು ಮಡಚಕ್ಕೂ ಆಗಲ್ಲ. ಅದಕ್ಕೆ ಉಡುಪಲ್ಲಿ ಒತ್ತಡ ಮೂರರಲ್ಲಿ ಒಂದು ಪಾಲು. ಅಷ್ಟು ಕಮ್ಮಿ ಒತ್ತಡದಲ್ಲಿ ಜೀವ ಉಳೀಬೇಕಾದ್ರೆ ಬರೀ ಆಮ್ಲಜನಕ ಬೇಕು. ಆದ್ರೆ ದಿಢೀರ್ ಅಂತ ಒತ್ತಡ ಇಳಿಸಿದ್ರೆ ರಕ್ತದಲ್ಲಿ ಕರಗಿರೋ ಸಾರಜನಕ, ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ, ಗುಳ್ಳೆ ಗುಳ್ಳೆ. ಕೀಲಲ್ಲಿ, ಬೆನ್ನುಹುರೀಲಿ. ಅದಕ್ಕೇ ನಾವಿರೋ ಈ ಡಬ್ಬದ ಮನೇಲೂ ಒತ್ತಡ ಅರ್ಧಕ್ಕೆ ಇಳಿಸಿರೋದು, ಹೋಗೋ ದಿನ ಬೆಳಗ್ಗೆಯಿಂದ ಶುದ್ಧ ಆಮ್ಲಜನಕ ಕುಡಿದು ಇರೋಬರೋ ಸಾರಜನಕ ಕಳ್ಕೊಳ್ಳೋದು."

"ಮನೇಗೂ ಬರೀ ಆಮ್ಲಜನಕ ತುಂಬಿದ್ರಾಯ್ತಲ್ಲ."

"ಒಂದು ಕಿಡಿ ಸಾಕು ಮಾವ. ನಿನ್ನ ಬನಿಯನ್ನೂ ಪಂಜಿನ ಹಾಗೆ ಉರಿಯುತ್ತೆ."

ಕೇಳದಿದ್ದರೆ ಚೆನ್ನಾಗಿತ್ತು. ಆಗಿನಿಂದ ಬನಿಯನ್ನು ಚುಚ್ಚುತ್ತಿದೆ.

ಚಹಾ ಬಿಸಿಯೇ ಆಗುವುದಿಲ್ಲ, ನೀರು ಬೇಗ ಕುದಿದು ಬೇಗ ಮೋಸ ಮಾಡುತ್ತದೆ. ಬಿಸ್ಕತ್ತಿನ ಪೊಟ್ಟಣಗಳು ದಿಂಬಿನಂತೆ ಉಬ್ಬಿವೆ. ಹೊಟ್ಟೆಯೊಳಗಿನ ಗಾಳಿಯೂ ಅದೇ ನಿಯಮ ಪಾಲಿಸುತ್ತದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗುಬ್ಬಿ ಮಂಚ ದೂರ ಎಳೆದುಕೊಂಡಿದ್ದಾಳೆ.

ಅವಳಿಗೆ ಧೈರ್ಯ ಬರಲಿ ಎಂದು, ಓಡುತ್ತಿದ್ದ ಲಾರಿಯ ಸದ್ದಿನಲ್ಲೇ ಒಳಟೈರಿನ ತೂತು ಎಲ್ಲಿದೆ ಎಂದು ಹೇಳಿದ ನನ್ನ ಕಥೆ ಹೇಳಿದೆ. ಇಲ್ಲಿ ಎಲ್ಲಾದರೂ ಗಾಳಿ ಸೋರಿದರೆ ಯಂತ್ರಕ್ಕಿಂತ ಮೊದಲು ನನ್ನ ಕಿವಿಗೆ ಗೊತ್ತಾಗುತ್ತದೆ ಎಂದೂ ಹೇಳಿದೆ. ಅವಳು ಹೊದ್ದುಕೊಂಡು ಮಲಗಿದಳು.

ಜೂನ್ 12, ಗುರುವಾರ

ಭಯವೇನಿಲ್ಲ. ನಿದ್ದೆ ಬರುವುದಿಲ್ಲ ಅಷ್ಟೆ.

ಫ್ಯಾನಿನ ಸದ್ದು ಒಮ್ಮೊಮ್ಮೆ ನಿಂತಂತಾಗುತ್ತದೆ. ಎದ್ದು ಕೂತರೆ ತಿರುಗುತ್ತಲೇ ಇರುತ್ತದೆ. ಉಸಿರು ಎಳೆದುಕೊಂಡಾಗಲೆಲ್ಲ ಇದರಲ್ಲಿ ಎಷ್ಟಿದೆ, ಸಾಕಷ್ಟಿದೆಯೇ ಎಂದು ಯೋಚನೆ. ಉಸಿರಾಡುವುದೂ ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸವಾಗಿದೆ. ಮರೆತರೆ? ಡಾಕ್ಟರಮ್ಮನಿದ್ದರೆ ಮೈಕಿನಲ್ಲಿ ಎರಡು ಮಾತಾದರೂ ಆಡುತ್ತಿದ್ದರು. ಮಗುವಿಗೆ ಜ್ವರವೆಂದು ರಜೆ ಹಾಕಿದ್ದಾರೆ, ಭಾನುವಾರ ಬರುತ್ತಾರಂತೆ. ಮೈಕಿನ ಮುಂದೆ ಈಗ ಕನ್ನಡಕ. ಮುಖಕ್ಕಿಂತ ಕನ್ನಡಕ ದೊಡ್ಡದಿರುವ ಎಂಜಿನಿಯರ್. ಅವನು ನಮ್ಮನ್ನು ನೋಡುವುದಿಲ್ಲ, ಮೀಟರಿನ ಮುಳ್ಳುಗಳನ್ನು ನೋಡುತ್ತಾನೆ.

ಇದರ ಮೇಲೆ ತಲೆದೆಸೆಯಲ್ಲಿ ಒಂದು ಪೆಟ್ಟಿಗೆ. ಸೋಪಿನ ಡಬ್ಬಿಯಷ್ಟಿದೆ. ಮುಂದೆ ಜಾಲರಿ, ಒಂದು ಹಸಿರು ದೀಪ. ನನಗೇ ಕಣ್ಣು ಹೊಡೆಯುವಂತೆ ಮಿಣುಕುತ್ತದೆ, ಮಿಣುಕಿದಾಗಲೆಲ್ಲ ಟಿಕ್. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ಹಸಿರು. ಈಗ ಕೆಂಪಾಗುತ್ತದೆ, ಈಗ ಕೆಂಪಾಗುತ್ತದೆ ಎಂದು ಕಾಯುತ್ತಾ ಬಿದ್ದಿರುತ್ತೇನೆ. ನಿನ್ನೆ ಎರಡು ಸಲ ಕೈ ಕೆಂಪು ಗುಂಡಿಯತನಕ ಹೋಗಿತ್ತು. ನಿದ್ದೆಗಣ್ಣಿನಲ್ಲಿ.

ಇವತ್ತು ಅದಕ್ಕೆ ಮದ್ದು ಮಾಡಿದೆ. ಖಾಲಿ ಬಿಸ್ಕತ್ತಿನ ಪೊಟ್ಟಣದ ಬೆಳ್ಳಿ ಹಾಳೆಯನ್ನು ಪೆಟ್ಟಿಗೆಗೆ ಟೋಪಿಯಂತೆ ಹಾಕಿದೆ. ಜೇಬಿನಲ್ಲಿ ಯಾವಾಗಲೂ ಟ್ಯೂಬು ಕತ್ತರಿಸಿದ ಒಂದು ರಬ್ಬರು ಬಳೆ ಇಟ್ಟುಕೊಂಡಿರುತ್ತೇನೆ, ಅದನ್ನು ಎರಡು ಸುತ್ತು ಬಿಗಿದೆ. ದೀಪವೂ ಇಲ್ಲ, ಟಿಕ್ಕೂ ಇಲ್ಲ. ನನ್ನ ಕೈಯ ಕಟ್ಟು ಎಂದರೆ ಇರುವೆಯ ಉಸಿರೂ ನುಸುಳದು.

ಗುಬ್ಬಿಗೆ ಕಾಣದಂತೆ ಮುಂದೆ ಟವೆಲ್ಲು ನೇತುಹಾಕಿದ್ದೇನೆ.

ಜೂನ್ 13, ಶುಕ್ರವಾರ

ಚೆನ್ನಾಗಿ ನಿದ್ದೆ ಬಂತು. ಕಣ್ಣಿಗೆ ದೀಪ ಬೀಳದಿದ್ದರೆ ಮನುಷ್ಯನಿಗೆ ಧೈರ್ಯ ತಾನಾಗಿ ಬರುತ್ತದೆ. ಕೆಂಪು ಗುಂಡಿಯ ಕಡೆ ಇವತ್ತು ಒಂದೇ ಸಲ ನೋಡಿದೆ.

ಕನ್ನಡಕನಿಗೂ ಖುಷಿ. ಪರದೆಯ ಮೇಲಿನ ಗಾಳಿಯ ಗೆರೆ ಅಡಿಪಟ್ಟಿ ಇಟ್ಟು ಎಳೆದಂತೆ ನೇರವಾಗಿದೆ, ಇಷ್ಟು ನೇರ ಗೆರೆಯನ್ನು ತಾನು ನೋಡಿಯೇ ಇಲ್ಲ ಎಂದ. ನಾವು ಚೆನ್ನಾಗಿ ಉಸಿರಾಡುತ್ತಿದ್ದೇವೆ ಎಂದೆ.

ಸೈಕಲ್ಲು ತುಳಿದಾಗ ಬೇಗ ದಣಿವಾಯಿತು. ಸ್ವಲ್ಪ ತಲೆನೋವು. ಚಹಾ ಸರಿಯಿಲ್ಲ, ಅದಕ್ಕೇ.

ಜೂನ್ 14, ಶನಿವಾರ

ಒಳ್ಳೆಯ ದಿನ. ರಕ್ತದಲ್ಲಿ ಗಾಳಿ ಎಷ್ಟಿದೆ ಎಂದು ಅಳೆಯಲು ಬೆರಳಿಗೆ ಕಚ್ಚಿಸುವ ಕ್ಲಿಪ್ಪು ಇಬ್ಬರಿಗೂ ಕಡಿಮೆ ತೋರಿಸಿತು. ಕೈ ತಣ್ಣಗಿರಬೇಕು, ಉಜ್ಜಿಕೊಳ್ಳಿ ಎಂದ ಕನ್ನಡಕ. ಉಜ್ಜಿಕೊಂಡೆವು. ಆಮೇಲೂ ಅಷ್ಟೇ. ಪರವಾಗಿಲ್ಲ ಎಂದ. ಪಾಪ, ಅವನಿಗೂ ಕೆಲಸ ಬಹಳ.

ಗುಬ್ಬಿ ಮಾತಿಗೆ ಶುರು ಮಾಡಿದರೆ ನಿಲ್ಲಿಸುತ್ತಿಲ್ಲ. "ಮಾವ, ಇಡೀ ಕೇಂದ್ರದಲ್ಲಿ ನನ್ನಂಥ ಕೈ ಯಾರಿಗಿದೆ ತೋರ್ಸು! ಆ ಗ್ಲೌಸಲ್ಲಿ ನಾನು ಸೂಜಿಗೆ ದಾರ ಪೋಣಿಸ್ತೀನಿ. ನಾಳೆ ನೋಡ್ತಿರು. ಉಡುಪಿಲ್ಲದಿದ್ರೂ ಹೋಗಿಬರ್ತೀನಿ!" ಇಬ್ಬರೂ ನಕ್ಕೆವು. ಇಷ್ಟು ಧೈರ್ಯ ನನ್ನ ಕಡೆಯಿಂದಲೇ ಬಂದಿರಬೇಕು ಎಂದು ಬರೆಯಲು ಹೊರಟಿದ್ದೆ. ಹಾಗೇನಿಲ್ಲ. ಅವಳದೇ ಧೈರ್ಯ.

ಲಾರಿಯ ತೂತಿನ ಕಥೆ ನನ್ನದಲ್ಲ. ನನಗೆ ಕೆಲಸ ಕಲಿಸಿದ ಮುದುಕನದು. ಅವನು ಒಳ್ಳೆಯ ಮನುಷ್ಯ. ಎಲ್ಲರೂ ಒಳ್ಳೆಯವರು.

ಸೀಟಿ ಹೊಡೆಯೋಣವೆಂದು ನೋಡಿದೆ. ಉಸಿರು ಸಾಲಲಿಲ್ಲ. ಇರಲಿ.

ಜೂನ್ 15, ಭಾನುವಾರ

ಗುಬ್ಬಿ ಬೆಳಗ್ಗೆಯಿಂದ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಶುದ್ಧ ಆಮ್ಲಜನಕ ಕುಡಿದಳು. ಕುಡಿಯುತ್ತಾ ಕುಡಿಯುತ್ತಾ ಮಾತು ಕಡಿಮೆಯಾಯಿತು. ಮುಖ ಸಣ್ಣದು ಮಾಡಿಕೊಂಡಳು. ಕೈ ಹಿಡಿದುಕೊಂಡಳು. ತಣ್ಣಗಿತ್ತು. ನಾನು ಏನೂ ಆಗಲ್ಲ ಹೋಗಿಬಾ ತಾಯಿ ಎಂದೆ. ನನ್ನನ್ನು ಒಂಥರಾ ನೋಡಿದಳು.

ಈಗ ಒಳಬಾಗಿಲ ಆಚೆ ಇದ್ದಾಳೆ. ಗಾಜಿನಲ್ಲಿ ಬಿಳೀ ಉಡುಪು ಕಾಣುತ್ತಿದೆ. ದೊಡ್ಡ ಮಗುವಿನ ಹಾಗೆ. ಕೋಣೆಯ ಗಾಳಿ ಹೀರುತ್ತಿದ್ದಾರೆ. ನನಗೆ ಭಯ ಇಲ್ಲ. ಬಹಳ ಬೆಚ್ಚಗಿದೆ. ನನ್ನ ಮಾಸ್ಕ್ ಮೊಳೆಗೆ ನೇತಾಡುತ್ತಿದೆ. ಅದು ಅಲ್ಲೇ ಇರಲಿ ಚೆನ್ನಾಗಿ ಕಾಣುತ್ತದೆ. ನಾನು ಸಾಮಾನ್ಯ ಮನುಷ್ಯ. ಅಕ್ಕನಿಗೆ ಹೇಳಬೇಕು ನಾಯಿ ಬಂದಾಗ ನಾನು ಭಯಕ್ಕೇ ಮರ. ಕಿವಿಯೊಳಗೆ ಗುಬ್ಬಿ ಏನೋ ಹೇಳುತ್ತಿದ್ದಾಳೆ. ಮೃದುವಾಗಿ

ಜೂನ್ 16, ಸೋಮವಾರ

ಕೈ ನಡುಗುತ್ತಿದೆ. ಮೇಜು ಸರಿಯಾಗಿದೆ.

ನಿನ್ನೆ ಏನಾಯಿತು ಎನ್ನುವುದರಲ್ಲಿ ಅರ್ಧ ನನಗೆ ನೆನಪಿಲ್ಲ. ಮಾತೆಲ್ಲ ಧ್ವನಿಮುದ್ರಣವಾಗಿತ್ತು, ಡಾಕ್ಟರಮ್ಮ ಹೊರಗಿನಿಂದ ಸ್ಪೀಕರಿನಲ್ಲಿ ಕೇಳಿಸಿದರು. ಕೇಳಿದ್ದನ್ನು ಬರೆಯುತ್ತೇನೆ. ಮತ್ತೊಮ್ಮೆ ಕೇಳುವ ಧೈರ್ಯವಿಲ್ಲ.

"ಮಾವ, ಏನಾದ್ರೂ ಮಾತಾಡು. ಲಾರಿ ಟೈರಿನ ಕಥೆ ಹೇಳು."

"ಅದೇನು ಬಿಡು ತಾಯಿ. ನಾನೇನು ಮಹಾ. ನಿನ್ನ ಮುಂದೆ ನಾನ್ಯಾರು."

ನಾನ್ಯಾರು ಎಂಬ ನನ್ನ ಮಾತನ್ನೇ ಅವಳು ತನಗೆ ತಾನೇ ಒಮ್ಮೆ ಹೇಳಿಕೊಂಡಳು. ಆಮೇಲೆ, "ಮಾವ. ಮಾಸ್ಕ್ ಹಾಕ್ಕೋ."

"ಬೇಡಮ್ಮ. ಚೆನ್ನಾಗಿದೆ."

"ಹಾಕ್ಕೋ ಮಾವ! ಸರ್, ಒಳಗೆ ಆಮ್ಲಜನಕ ಕಮ್ಮಿಯಾಗಿದೆ!"

ಕನ್ನಡಕನ ದನಿ. "ಎಲ್ಲಾ ಸರಿ ಇದೆ. ರೀಡಿಂಗ್ ಗೆರೆ ಹೊಡೆದ ಹಾಗಿದೆ."

"ರೀಡಿಂಗ್ ಸುಳ್ಳು ಸರ್! ನಮ್ಮ ಮಾವ ವಿನಯವಾಗಿ ಮಾತಾಡ್ತಿದಾನೆ!"

"ಅದರಲ್ಲೇನು ತಪ್ಪು?"

"ನಿಮಗೆ ಅವನು ಗೊತ್ತಿಲ್ಲ ಸರ್! ನಿನ್ನೆ ನಾನೂ ರಾಣಿ ಹಾಗೆ ಮೆರೀತಿದ್ದೆ. ಬೆಳಗ್ಗೆ ಮಾಸ್ಕ್ ಹಾಕ್ಕೊಂಡ ಮೇಲೆ ನಾಚಿಕೆ ಬಂತು, ಭಯ ಬಂತು. ಯಾಕೆ ಅಂತ ಈಗ ಗೊತ್ತಾಯ್ತು. ಮಾವ, ನನ್ನ ನೋಡು. ಇಲ್ಲಿ, ಗಾಜಲ್ಲಿ."

ಆ ಹೊತ್ತಿಗೆ ರಜೆ ಮುಗಿಸಿ ಬಂದ ಡಾಕ್ಟರಮ್ಮ ಕನ್ನಡಕನ ಕೋಣೆಗೆ ಓಡಿಬಂದು ಮೈಕು ಕಿತ್ತುಕೊಂಡ ಸದ್ದು. ಅವರು ಕೂಗುತ್ತಾರೆ, ಗುಬ್ಬಿ ಕೂಗುತ್ತಾಳೆ. ನಾನು ಎಲ್ಲದಕ್ಕೂ ಆಗಲಿ ತಾಯಿ, ಆಗಲಿ ತಾಯಿ ಎನ್ನುತ್ತೇನೆ. ಆದರೆ ಕೈ ಎತ್ತುವುದಿಲ್ಲ. ಕೊನೆಗೆ ನನ್ನ ದನಿ ನಿದ್ದೆಗೆ ಜಾರುತ್ತಿರುವುದು ಕೇಳಿಸುತ್ತದೆ. ಅದನ್ನು ಕೇಳುವಾಗ, ಅವನನ್ನು ಎಬ್ಬಿಸಿ, ಯಾರಾದರೂ ಎಬ್ಬಿಸಿ ಎಂದು ನಾನೇ ಕುರ್ಚಿಯಿಂದ ಎದ್ದುಬಿಟ್ಟೆ.

ಆಗ ಗುಬ್ಬಿ ಕೂಗುವುದನ್ನು ನಿಲ್ಲಿಸಿದಳು. ದನಿ ಬದಲಾಯಿಸಿ, ಅಂಗಡಿಯ ಮುಂದೆ ನಿಂತು ಕೆಣಕುವವರ ಹಾಗೆ ಹೇಳಿದಳು. "ಬಿಡಿ ಡಾಕ್ಟರೇ. ಮಾವನ ಕೈಲಿ ಆಗಲ್ಲ. ಆ ಮಾಸ್ಕ್ ಕಟ್ಟೋದು ಕಷ್ಟ. ಬಿಗಿಯಾಗಿ ಕಟ್ಟೋದಕ್ಕೆ ಕೈ ಪಳಗಿರಬೇಕು. ಇವನಿಗೆಲ್ಲಿ ಬರುತ್ತೆ?"

ಇದು ನನಗೆ ನೆನಪಿದೆ. ಎಲ್ಲೋ ಬಹಳ ಕೆಳಗೆ, ಕೆಸರಿನ ತಳದಲ್ಲಿ, ಏನೋ ಎದ್ದು ಕೂತಿತು. ಬಿಗಿಯಾಗಿ ಕಟ್ಟುವುದು ನನಗೆ ಬರುವುದಿಲ್ಲವೇ? ನನಗೇ?

"ಯಾರಿಗೆ ಹೇಳ್ತಿದೀಯ?" ಎಂದೆನಂತೆ. ಮಾಸ್ಕ್ ತೆಗೆದು ಮುಖಕ್ಕೆ ಅಮುಕಿ ಪಟ್ಟಿ ಎಳೆದೆ.

ನಾಲ್ಕು ಉಸಿರು ತೆಗೆದುಕೊಂಡಿರಬಹುದು. ಮಂಜು ಒರೆಸಿದಂತೆ ಕೋಣೆ ಕಣ್ಣಿಗೆ ಬಿತ್ತು, ಬಣ್ಣಗಳು ಬಂದವು. ಅವುಗಳ ಹಿಂದೆಯೇ ಭಯ ಬಂತು. ಅಂಥ ಭಯ ನಾನು ಕಂಡಿರಲಿಲ್ಲ. ಇಷ್ಟು ದಿನ ಎಲ್ಲೋ ಬಾಕಿ ನಿಂತಿದ್ದದ್ದೆಲ್ಲ ಒಂದೇ ಸಲ ಬಂದು ಕುತ್ತಿಗೆ ಹಿಡಿದಂತೆ. ಉಗುರು ನೋಡಿದೆ, ನೇರಳೆ ಹಣ್ಣು ತಿಂದ ಬಣ್ಣ.

"ಗೋಡೆ ಮೇಲೆ ಜಾಲರಿ ಇರೋ ಪೆಟ್ಟಿಗೆ ನೋಡಿ," ಎಂದರು ಡಾಕ್ಟರಮ್ಮ. "ಆಮ್ಲಜನಕ ಎಷ್ಟಿದೆ ಅಂತ ಮೂಸೋದು ಅದೊಂದೇ. ಅದು ಕಮ್ಮಿ ಅಂದಾಗ ಮಾತ್ರ ಯಂತ್ರ ಹೊಸದು ಬಿಡೋದು. ಏನಾಗಿದೆ ಅದಕ್ಕೆ?"

ಟವೆಲ್ಲು ಸರಿಸಿದೆ.

ನನ್ನ ಬೆಳ್ಳಿ ಟೋಪಿ, ನನ್ನ ರಬ್ಬರು ಬಳೆ. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಪೆಟ್ಟಿಗೆ ಗುರುವಾರದಿಂದ ಗುರುವಾರದ ಗಾಳಿಯನ್ನೇ ಮೂಸುತ್ತಾ, ಎಲ್ಲ ಸರಿಯಿದೆ, ಎಲ್ಲ ಸರಿಯಿದೆ ಎನ್ನುತ್ತಾ ಕೂತಿತ್ತು. ನಾವಿಬ್ಬರೂ ಉಸಿರಾಡಿ ಉಸಿರಾಡಿ ಡಬ್ಬದ ಆಮ್ಲಜನಕ ಖಾಲಿ ಮಾಡುತ್ತಿದ್ದೆವು. ಅದು ಕಡಿಮೆಯಾದಷ್ಟೂ ಒತ್ತಡ ಬೀಳದಂತೆ ಇನ್ನೊಂದು ಯಂತ್ರ ಸಾರಜನಕ ತುಂಬುತ್ತಿತ್ತು. ಸೋರಿಕೆಯಿದ್ದಿದ್ದರೆ ನನ್ನ ಕಿವಿಗೆ ಸಿಗುತ್ತಿತ್ತೋ ಏನೋ. ಸೋರಿಕೆಯೇ ಇರಲಿಲ್ಲ.

ಕಿತ್ತೆಸೆದೆ. ಪೆಟ್ಟಿಗೆ ಒಂದು ಸಲ ಉಸಿರೆಳೆದುಕೊಂಡಂತೆ ಸುಮ್ಮನಿದ್ದು ಕೆಂಪಾಯಿತು. ಕಿವಿ ಕಿತ್ತುಹೋಗುವಂತೆ ಗಂಟೆ ಹೊಡೆಯಿತು. ಎಲ್ಲೋ ಕೊಳವೆಯಲ್ಲಿ ಆಮ್ಲಜನಕ ಬುಸ್ಸೆಂದು ಬರತೊಡಗಿತು.

ಒಳಬಾಗಿಲ ಗಾಜಿನಲ್ಲಿ ಗುಬ್ಬಿಯ ಮುಖ. ಅವಳ ಸುತ್ತ ಏನೂ ಇಲ್ಲ, ಗಾಳಿಯೂ ಇಲ್ಲ. ನಾನು ಜಾರಿ ಬಿದ್ದಿದ್ದರೆ ಈ ಬಾಗಿಲ ಈಚೆ ಅವಳಿಗೆ ಯಾರೂ ಇರುತ್ತಿರಲಿಲ್ಲ. ಅದು ನೆನಪಾಗಿ ನಿಂತಲ್ಲೇ ಕೂತುಬಿಟ್ಟೆ.

ಡಾಕ್ಟರಮ್ಮ ಹೇಳಿದರು, "ನಿಲ್ಲಿಸೋಣ. ಕೆಂಪು ಗುಂಡಿ ಒತ್ತಿಬಿಡಿ. ಯಾರೂ ನಿಮಗೆ ಏನೂ ಅನ್ನಲ್ಲ."

ಇಷ್ಟು ದಿನ ಕಾದಿದ್ದ ಮಾತು. ಗುಂಡಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

ಗುಬ್ಬಿ ಆಚೆಯಿಂದ ಹೇಳಿದಳು, "ಮಾವ, ನನ್ನ ಉಡುಪಲ್ಲಿ ಗಾಳಿ ಬೇರೆ, ಅದು ಸರಿಯಾಗಿದೆ. ಎರಡು ಬೋಲ್ಟು ಬಾಕಿ. ಆದ್ರೆ ನೀನು ಅಲ್ಲಿ ನಿಂತಿದ್ರೆ ಮಾತ್ರ. ಆಗಲ್ಲ ಅಂದ್ರೆ ಹೇಳು, ಬಂದ್ಬಿಡ್ತೀನಿ. ಇದು ಕೆಣಕೋ ಮಾತಲ್ಲ."

"ನನಗೆ ಭಯ ಆಗ್ತಿದೆ," ಎಂದೆ. ಜೋರಾಗಿಯೇ ಹೇಳಿದೆ ಅನಿಸುತ್ತದೆ. ಮುದ್ರಣದಲ್ಲಿ ಗಂಟೆಯ ಸದ್ದಿಗಿಂತ ಮೇಲೆ ಕೇಳುತ್ತದೆ.

"ಎಷ್ಟು?" ಡಾಕ್ಟರಮ್ಮ.

"ಕಾಲು ನಿಲ್ತಿಲ್ಲ. ಬಾಯಿ ಒಣಗಿದೆ. ಹೊರಗೆ ಬರಬೇಕು ಅನ್ನಿಸ್ತಿದೆ."

"ಒಳ್ಳೇದು. ಮಿದುಳಿಗೆ ಗಾಳಿ ಮುಟ್ಟಿದೆ. ಕ್ಲಿಪ್ಪು ಹಾಕ್ಕೊಂಡು ನಂಬರ್ ಓದಿ."

ಓದಿದೆ. ಸಾಕಷ್ಟು ಏರಿದೆ ಎಂದು ಅವರು ಬರೆದುಕೊಂಡರು. ಆಮೇಲೆ, "ಗುಂಡಿ ಒತ್ತೋದೋ ಅಲ್ಲೇ ನಿಲ್ಲೋದೋ ನೀವೇ ಹೇಳಿ," ಎಂದರು.

ಎದ್ದು ಬಾಗಿಲ ಹತ್ತಿರ ಹೋಗಿ ಚಕ್ರ ಹಿಡಿದುಕೊಂಡೆ. ಎರಡು ಬೋಲ್ಟು ಬಿಗಿಯುವುದಕ್ಕೆ ಅವಳು ಎಷ್ಟು ಹೊತ್ತು ತೆಗೆದುಕೊಂಡಳೋ ಗೊತ್ತಿಲ್ಲ. ನನ್ನ ಅಂಗಡಿಯಲ್ಲಿ ಅಷ್ಟು ಹೊತ್ತು ತೆಗೆದುಕೊಂಡರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಮೊದಲನೆಯದರಲ್ಲಿ ಬೋಲ್ಟು ತಿರುಗಿಸುವ ಪಾನ ಜಾರಿತು. ನನ್ನ ಎದೆಯೂ ಜಾರಿತು. ಚಕ್ರ ಬಿಡಲಿಲ್ಲ. ಬಿಡೋಣವೆಂದರೂ ಬೆರಳು ಬಿಡುತ್ತಿರಲಿಲ್ಲ. ಅವಳು ಈಚೆ ಬಂದು ತಲೆಯ ಗೋಳ ತೆಗೆದ ಮೇಲೆ ಒಂದೊಂದೇ ಬೆರಳು ಬಿಡಿಸಿದಳು.

ಜೂನ್ 19, ಗುರುವಾರ

ಮೊನ್ನೆ ಹೊರಗೆ ಬಂದೆವು. ಬಾಗಿಲು ತೆರೆದಾಗ ಒಳಗೆ ನುಗ್ಗಿದ ಗಾಳಿಯಲ್ಲಿ ಧೂಳು, ಎಣ್ಣೆ, ಯಾರದೋ ಬೆವರು ಎಲ್ಲ ಇತ್ತು. ಎರಡೂ ಕೈಯಲ್ಲಿ ಬಾಚಿಕೊಂಡು ತಿನ್ನುವ ಹಾಗಿತ್ತು.

ನಿನ್ನೆ ವಿಚಾರಣೆಯಾಯಿತು. ಉದ್ದ ಮೇಜು, ಕನ್ನಡಕ ತಲೆ ತಗ್ಗಿಸಿ ಕೂತಿದ್ದ. ಇದನ್ನು ಕಟ್ಟಿದ್ಯಾರು ಎಂದು ರಬ್ಬರು ಬಳೆ ಎತ್ತಿ ತೋರಿಸಿದರು.

"ನಾನು," ಎಂದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. "ಮೂರು ದಿನ ಒಂದು ಚೂರೂ ಸಡಿಲ ಆಗಿಲ್ಲ, ನೋಡಿದ್ರಾ?"

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ದೀಪ ಕಣ್ಣಿಗೆ ಹೊಡೆದ್ರೆ ದೀಪಕ್ಕೆ ಒಂದು ಚೂರು ಟೇಪು ಅಂಟಿಸಬೇಕಿತ್ತು ಮಾರಾಯರೇ. ಅದರ ಮೂಗಿಗೆ ಯಾಕೆ ಕಟ್ಟಿದ್ರಿ?"

ಇನ್ನು ಮೇಲೆ ಆ ಪೆಟ್ಟಿಗೆ ಮೂರು ಇರುತ್ತವಂತೆ, ಬೇರೆ ಬೇರೆ ಗೋಡೆಯಲ್ಲಿ, ಪ್ರತಿಯೊಂದಕ್ಕೂ ಕಬ್ಬಿಣದ ಪಂಜರ. ಗೆರೆ ತೀರಾ ನೇರವಾದರೂ ಗಂಟೆ ಹೊಡೆಯುತ್ತದಂತೆ. ಮಲಗುವ ಕಡೆ ದೀಪ ಬೇಡವೆಂದೂ ಬರೆದುಕೊಂಡರು. ಬಾಹ್ಯಾಕಾಶಕ್ಕೆ ಹೋಗುವ ಮನೆಯಲ್ಲಿ ನನ್ನಿಂದಾದ ಬದಲಾವಣೆ ಎಂದು ಅಂಗಡಿಯಲ್ಲಿ ಹೇಳಿದೆ. ಹೇಗಾಯಿತು ಎಂಬ ಭಾಗ ಹೇಳುವಾಗ ಎಲ್ಲರೂ ನಕ್ಕರು. ನಾನು ಮಾತ್ರ ಗಾಜಿನಾಚೆಯ ಗುಬ್ಬಿಯ ಮುಖ ನೆನಪಾಗಿ ಅರ್ಧದಲ್ಲೇ ಕಥೆ ನಿಲ್ಲಿಸಿದೆ.

ಅಕ್ಕ ನನ್ನ ತಟ್ಟೆಗೆ ಬಡಿಸುತ್ತಾ, "ಓಡಲಿಲ್ಲವಂತೆ?" ಎಂದಳು.

"ಭಯ ಆಯ್ತು ಕಣೇ. ಮರ ಇದ್ದಿದ್ರೆ ಹತ್ತುತ್ತಿದ್ದೆ."

ಅವಳು ಇನ್ನೊಂದು ಸೌಟು ಬಡಿಸಿದಳು.

ಸೆಪ್ಟೆಂಬರ್ 18, ಗುರುವಾರ

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಉಗುರು ನೋಡಿಕೊಳ್ಳುತ್ತೇನೆ. ಆಮೇಲೆ ಏನಾದರೂ ಒಂದಕ್ಕೆ ಭಯವಾಗುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ. ಬಾಡಿಗೆ, ಬೆನ್ನುನೋವು, ಮಳೆ, ಏನೋ ಒಂದು ಇದ್ದೇ ಇರುತ್ತದೆ. ಆಮೇಲೆ ಅಂಗಡಿ ಬಾಗಿಲು ತೆಗೆಯುತ್ತೇನೆ. ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದುಕೊಂಡಿದ್ದೇನೆ.

ಗುಬ್ಬಿ ಮೇಲೆ ಹೋಗಿ ವಾರವಾಯಿತು. ಇವತ್ತು ಅವಳು ನಿಜವಾದ ಬಾಗಿಲು ದಾಟಿ ಹೊರಗೆ ಹೋಗುವ ದಿನ. ಮನೆಯವರೊಡನೆ ಎರಡು ಮಾತಾಡಲು ಬಿಟ್ಟಿದ್ದರು. ಅಕ್ಕ ಊಟ ಮಾಡಿದ್ಯಾ ಎಂದು ಕೇಳಿ ಅತ್ತುಬಿಟ್ಟಳು. ಆಮೇಲೆ ಫೋನು ನನ್ನ ಕೈಗೆ ಬಂತು.

ಇಡೀ ಆಕಾಶ ನನ್ನ ತಲೆಯ ಮೇಲಿತ್ತು, ಬೇಕಾದಷ್ಟು ಗಾಳಿ. ನನಗೆ ಉಸಿರು ಸಿಗುತ್ತಿರಲಿಲ್ಲ. ಅಲ್ಲಿ ಬಾಗಿಲ ಈಚೆ ಯಾರು ನಿಂತಿದ್ದಾರೆ? ಚಕ್ರ ಹಿಡಿದಿದ್ದಾರೆಯೇ?

"ಹೇಗಿದ್ದೀಯ?" ಎಂದೆ. ಅವಳೇನಾದರೂ ನಾನೇ ರಾಣಿ ಎಂದರೆ ಇಲ್ಲಿಂದಲೇ ಕೂಗಿ ಎಲ್ಲರನ್ನೂ ಎಬ್ಬಿಸುವುದೆಂದು ನಿಶ್ಚಯ ಮಾಡಿಕೊಂಡಿದ್ದೆ.

ಕರಕರ ಸದ್ದು. ತೀರಾ ಸಣ್ಣ ದನಿ.

"ತುಂಬಾ ಭಯ ಆಗ್ತಿದೆ ಮಾವ."

ಸದ್ಯ.

"ನನಗೂ," ಎಂದೆ. "ಹೋಗಿ ಬಾ."